ಮೂರನೆಯ ಕಂಬದ ಹಿಂದಿನ ನೀರು

ಹಿಂದವಾಡಿ, ಬೆಳಗಾವಿ
ರವಿವಾರ, 18 ಮೇ 2025

ನನ್ನ ಶಗುಫ್ತಾ,

ಸಲಾಮು. ಆರೋಗ್ಯ ಹೇಗಿದೆ? ರೂರ್ಕಿಯ ಬಿಸಿಗಾಳಿಗೆ ಮೂಗಿನಿಂದ ರಕ್ತ ಬಂತು ಎಂದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಮೆಸ್ಸಿನ ಊಟ ಹೊಟ್ಟೆಗೆ ಹಿಡಿಸುತ್ತಿದೆಯೇ, ಇಲ್ಲ ಇನ್ನೂ ಚಹಾ ಬ್ರೆಡ್ಡಿನ ಮೇಲೆಯೇ ದಿನ ದೂಡುತ್ತಿದ್ದೀಯೇ? ಅಮ್ಮಿ ಕಾಮಕಸ್ತೂರಿ ಬೀಜದ ಪೊಟ್ಟಣ ಕಟ್ಟಿಕೊಟ್ಟಿದ್ದಾಳೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಕುಡಿಯಬೇಕಂತೆ. ಕುಡಿಯದೆಯೇ ಕುಡಿದೆ ಎಂದು ಫೋನಿನಲ್ಲಿ ಹೇಳಿದರೆ ದನಿಯಲ್ಲೇ ತನಗೆ ಗೊತ್ತಾಗುತ್ತದೆ ಎಂದೂ ಬರೆಯಲು ಹೇಳಿದ್ದಾಳೆ. ಅವಳ ಮೊಣಕಾಲು ನೋವು ಇದ್ದಂತೆಯೇ ಇದೆ. ನನಗೇನೂ ಆಗಿಲ್ಲ. ನೀನು ಹೋದ ಮೇಲೆ ನನ್ನ ತೂಕ ಹೆಚ್ಚಾಗಿದೆ. ಸಂತೋಷಕ್ಕೆ ಎಂದು ತಿಳಿಯಬೇಡ. ಅಮ್ಮಿ ನಿನ್ನ ಪಾಲಿನ ರೊಟ್ಟಿಯನ್ನೂ ನನ್ನ ತಾಟಿಗೇ ಹಾಕುತ್ತಾಳೆ.

ದಿನವೂ ಫೋನಿನಲ್ಲಿ ಮಾತಾಡುವವನು ಪತ್ರ ಏಕೆ ಬರೆಯುತ್ತಿದ್ದಾನೆ ಎಂದು ನಗುತ್ತಿರಬೇಕು. ಇಲ್ಲಿಯ ಕಾಲೇಜಿನ ನಿನ್ನ ವಿದ್ಯಾರ್ಥಿನಿ ಪೂನಮ ಬೇಸಿಗೆ ತರಬೇತಿಗೆಂದು ಇಂದು ಸಂಜೆಯ ದಿಲ್ಲಿ ರೈಲಿಗೆ ಹೊರಟು ನಿನ್ನಲ್ಲಿಗೇ ಬರುತ್ತಿದ್ದಾಳಲ್ಲ, ಬೀಜದ ಪೊಟ್ಟಣದ ಜೊತೆ ಇದನ್ನೂ ಅವಳ ಕೈಗೆ ಕೊಡುತ್ತೇನೆ. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂ ಹೂಂ ಎನ್ನುತ್ತೇನೆ, ಇಟ್ಟ ಮೇಲೆ ಹೇಳಬೇಕಾದದ್ದೆಲ್ಲ ನೆನಪಾಗುತ್ತದೆ. ಮನೆಯಲ್ಲಿ ದಖನಿ ಮಾತಾಡುವವನು ಪತ್ರ ಕನ್ನಡದಲ್ಲಿ ಬರೆಯುತ್ತಾನೆ ಎಂದೂ ಅಣಕಿಸಬೇಡ. ನಾನು ಓದಿದ್ದು ಖಾನಾಪುರದ ಕನ್ನಡ ಶಾಲೆಯಲ್ಲಿ, ನನ್ನ ಕೈಗೆ ಬರುವುದು ಇದೇ. ಅಮ್ಮಿಯ ಮಾತನ್ನೂ ಇದರಲ್ಲೇ ಬರೆಯುತ್ತೇನೆ, ನಿನ್ನ ಕಿವಿಗೆ ಅವಳದೇ ದನಿ ಕೇಳಿಸುತ್ತದೆ ಬಿಡು. ಗುರುವಾರ ನೀನು ಕೇಳಿದೆ, "ಲೆಕ್ಕ ಮುಗೀತಂದ್ರ ಇವರಿಗೆ ಹೂಂ ಅನ್ಲೇನು?" ನಾನು "ನೋಡೂಣು" ಎಂದೆ. ನೋಡುವುದು ಏನಿದೆ? ನಮ್ಮ ಹಿಂದಿನ ಕೋಣೆಯಲ್ಲಿ ಓಡುತ್ತಿರುವ ನಿನ್ನ ಮಶೀನು ಈ ತಿಂಗಳ ಕೊನೆಯೊಳಗೆ ಲೆಕ್ಕ ಮುಗಿಸಿದರೆ ನಿನ್ನ ಪಿಎಚ್‌ಡಿಯ ಕೊನೆಯ ಅಧ್ಯಾಯ ಮುಗಿಯುತ್ತದೆ, ರೂರ್ಕಿಯವರು ಎರಡು ವರ್ಷದ ಕೆಲಸ ಕೊಡುತ್ತಾರೆ. ಮುಗಿಸದಿದ್ದರೆ ಅಲ್ಲಿಯ ನಿನ್ನ ಅತಿಥಿ ಸಂಶೋಧಕಿಯ ಅವಧಿ ತೀರಿ ಜೂನ್‌ನಲ್ಲಿ ನೀನು ಮನೆಗೆ ಬರುತ್ತೀ. ಇಷ್ಟು ಸರಳವಾದ ಮಾತಿಗೆ "ನೋಡೂಣು" ಎನ್ನುವ ಗಂಡನನ್ನು ಕಟ್ಟಿಕೊಂಡಿದ್ದೀ. ಉತ್ತರ ಬರೆಯಬೇಕೆಂದೇ ಇವತ್ತು ಊಟವಾದ ಕೂಡಲೇ ಕುಳಿತಿದ್ದೇನೆ.

ಆದರೆ ಪೆನ್ನು ಹಿಡಿದರೆ ನೀನು ಭಟ್ಟಿಯ ಬಾಗಿಲಲ್ಲಿ ನಿಂತ ಆ ದಿನವೇ ಕಣ್ಣ ಮುಂದೆ ಬರುತ್ತದೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಸಹಿಸಿಕೋ. ಒಂಬತ್ತು ವರ್ಷವಾಯಿತು. ಮಳೆಗಾಲ ಮುಗಿಯುತ್ತ ಬಂದಿತ್ತು, ಮಲಪ್ರಭೆ ಇನ್ನೂ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಖಾನಾಪುರದ ನಮ್ಮ ಚುರುಮುರಿ ಭಟ್ಟಿಯಲ್ಲಿ ನಾನು ಬಿಸಿ ಮರಳಿಗೆ ಅಕ್ಕಿ ಹಾಕಿ ಕೈಯಾಡಿಸುತ್ತಿದ್ದೆ, ಅಬ್ಬಾ ಗಲ್ಲೆಯ ಹತ್ತಿರ ಕುಳಿತಿದ್ದರು. ನೀನು ಹೆಲ್ಮೆಟ್ಟು ಕೂಡ ತೆಗೆಯದೆ ಬಂದು, "ಚುರಮರಿ ಚೀಲ ಬೇಕಾಗ್ಯಾವ್ರಿ, ಮೆತ್ತಗಾಗಿದ್ರೂ ನಡೀತೈತಿ. ತಿನ್ನಾಕಲ್ಲ, ಹೊಳಿಗೆ ಒಗ್ಯಾಕ" ಎಂದೆ. ನನಗೆ ಮೈಯೆಲ್ಲ ಉರಿಯಿತು. ಬೆಳಗಿನಿಂದ ಬೆಂಕಿಯ ಮುಂದೆ ಬೆಂದವನ ಎದುರಿಗೆ ಬಂದು ಆಡುವ ಮಾತೇ ಅದು? "ಹಂಗಾದ್ರ ಬ್ಯಾರೆ ಕಡೆ ನೋಡ್ರಿ. ನಾವು ತಿನ್ನೂ ಮಂದಿಗೆ ಮಾಡ್ತೀವಿ" ಎಂದುಬಿಟ್ಟೆ. ನೀನು ಹೆಲ್ಮೆಟ್ಟು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದೆ. ಆಗ ಅಬ್ಬಾ ಅಲ್ಲಿರದಿದ್ದರೆ ನಮ್ಮ ಸಂಸಾರ ಅಲ್ಲಿಗೇ ಮುಗಿದಿರುತ್ತಿತ್ತು.

ಅಬ್ಬಾ ಕೂರುವ ಕಟ್ಟಿಗೆಯ ಬಾಕಿನ ಕಡೆ ಕೈ ತೋರಿಸಿ, "ಮದ್ಲ ಕುಂದರ್ರಿ. ಹೊಳಿಗೆ ಯಾಕಂತ ಹೇಳ್ರಿ" ಎಂದರು. ನೀನು ಕೂರಲಿಲ್ಲ. ಒಂದು ಮುಷ್ಟಿ ಚುರುಮುರಿ ಎತ್ತಿಕೊಂಡು, ಕೇಳದೆಯೇ, ನಮ್ಮ ನೀರಿನ ಹೌದಿಗೆ ಚೆಲ್ಲಿ, ನನ್ನ ಕೈಯ ಜಾಲಿ ಸೌಟು ಕಸಿದುಕೊಂಡು ನೀರಿನಲ್ಲಿ ಎಳೆದೆ. ಸೌಟಿನ ಹಿಂದೆ ಚುರುಮುರಿ ಎರಡು ದೊಡ್ಡ ಸುಳಿಯಾಗಿ ತಿರುಗಿತು, ಆ ಸುಳಿಗಳ ಅಂಚಿನಲ್ಲಿ ಸಣ್ಣ ಸುಳಿ, ಅದರ ಅಂಚಿನಲ್ಲಿ ಇನ್ನೂ ಸಣ್ಣದು. "ಬರೇ ನೀರು ನೋಡಿದ್ರ ಇದು ಕಾಣೂದಿಲ್ಲರೀ ಕಾಕಾ. ಚುರಮರಿ ತೇಲಿದ್ರ ಕಾಣ್ತೈತಿ. ಸೇತುವಿ ಮ್ಯಾಲಿಂದ ಕ್ಯಾಮೆರಾದಾಗ ಹಿಡದು, ನೀರು ಎಲ್ಲೆಲ್ಲಿ ಎಷ್ಟು ಜೋರ ಓಡ್ತೈತಿ ಅಂತ ಲೆಕ್ಕ ಹಾಕ್ತೇನಿ" ಎಂದೆ. ಹೊಳೆಯನ್ನು ಕಂಪ್ಯೂಟರಿನೊಳಗೆ ಹರಿಸಬೇಕು, ಅದು ಖರೇ ಹೊಳೆಯಂತೆಯೇ ಹರಿಯುತ್ತದೋ ಇಲ್ಲವೋ ಹೋಲಿಸಿ ನೋಡಬೇಕು, ಸೇತುವೆಯ ಕಂಬದ ಬುಡದ ಮಣ್ಣು ಎಲ್ಲಿ ಕೊಚ್ಚಿಹೋಗುತ್ತದೆ ಎಂದು ಮೊದಲೇ ತಿಳಿಯಬೇಕು, ಎಂದೆಲ್ಲ ಹೇಳಿದೆ. ಅಬ್ಬಾನಿಗೆ ಅರ್ಥವಾದದ್ದು ಅರ್ಧವೋ ಕಾಲೋ. ಆದರೆ ಹೌದಿನಲ್ಲಿ ತಿರುಗುತ್ತಿದ್ದ ಆ ಸುಳಿಗಳನ್ನು ಅವರು ನಿಲ್ಲುವ ತನಕ ನೋಡುತ್ತಲೇ ಇದ್ದರು. ಆಮೇಲೆ ಒಂದೇ ಷರತ್ತು ಹಾಕಿದರು. ಹಳೆಯದು ಬೇಡ, ಹೊಸ ಚುರುಮುರಿಯನ್ನೇ ಒಯ್ಯಿರಿ, ಆದರೆ ನೀರಿಗೆ ಹಾಕುವ ಮುಂಚೆ ಸೇತುವೆಯ ಮೇಲಿದ್ದ ಮಂದಿಗೆಲ್ಲ ಕೊಡಬೇಕು. ಉಳಿದದ್ದು ಮೀನಿನ ಪಾಲು.

ಆ ಷರತ್ತಿನಿಂದ ಆದ ಫಜೀತಿ ನೆನೆದರೆ ಈಗಲೂ ನಗು ಬರುತ್ತದೆ. ಅಮ್ಮಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿಕೊಂಡು ಸೇತುವೆಯ ತುದಿಯಲ್ಲಿ ಕುಳಿತುಬಿಟ್ಟಳು. ಬಸ್ಸಿಗೆ ಹೋಗುವವರು, ಕೋರ್ಟಿಗೆ ಹೋಗುವವರು, ಸಂತೆಯಿಂದ ಬರುವವರು ಎಲ್ಲರಿಗೂ ಕಾಗದದ ಸುರುಳಿಯಲ್ಲಿ ಚುರುಮುರಿ. ನಿನ್ನ ಉಪಕರಣವನ್ನು ಅರ್ಧ ಖಾನಾಪುರ ತಿಂದು ಮುಗಿಸಿತು. ಉಳಿದದ್ದನ್ನು ನಾನು ಕಟಾಂಜನದ ಮೇಲಿನಿಂದ ಸುರಿಯತೊಡಗಿದೆ, ನೀನು ಕ್ಯಾಮೆರಾ ಹಿಡಿದು ಆಚೆ ನಿಂತಿದ್ದೆ. ಪಾರಿಶ್ವಾಡದ ಮಾಯಕ್ಕ, ಅದೇ ಕುರಿ ಮಾರಿ ಊರಿಗೆ ಹೊರಟಿದ್ದ ಮುದುಕಿ, ನಿಂತು ನೋಡಿದಳು. ಮಂದಿಗೆ ಹಂಚುತ್ತಾರೆ, ಹೊಳೆಗೂ ಹಾಕುತ್ತಾರೆ ಎಂದರೆ ಇದು ಹೊಳೆಯ ಹರಕೆಯೇ ಇರಬೇಕು ಎಂದು ಅವಳ ತರ್ಕ. "ಒಳ್ಳೇ ಕೆಲಸ ಮಾಡಾಕತ್ತೀರಿ, ನಂದೂ ಒಂದಿರ್ಲಿ" ಎಂದು ಚೀಲದಿಂದ ತೆಂಗಿನಕಾಯಿ ತೆಗೆದು ಅಲ್ಲೇ ಕಲ್ಲಿಗೆ ಒಡೆದು ಒಂದು ಹೋಳು ನೀರಿಗೆ ಬಿಟ್ಟಳು. ಅವಳನ್ನು ನೋಡಿ ಇನ್ನೊಬ್ಬಳು ಸೇವಂತಿಗೆ ಮಾಲೆ ಬಿಟ್ಟಳು. ಮತ್ತೊಬ್ಬಳು ಅರಿಶಿನ ಕುಂಕುಮ. ಬೇಡ ಎನ್ನಲು ನಿನಗೂ ಬಾಯಿ ಬರಲಿಲ್ಲ, ನನಗೂ ಬರಲಿಲ್ಲ. ಆ ರಾತ್ರಿ ನಿನ್ನ ಕಂಪ್ಯೂಟರು ಹೊಳೆಯ ವೇಗ ಅಳೆಯಲು ಹೋಗಿ ತೆಂಗಿನ ಹೋಳಿನ ವೇಗ ಅಳೆಯಿತು. ಮರುದಿನ ನೀನು ಬೆಳಿಗ್ಗೆಯೇ ಬಂದು, ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಎಲ್ಲರಿಗೂ ತಿಳಿಸಿ ಹೇಳಿದೆ. ಅವತ್ತು ಯಾರೂ ಏನೂ ಬಿಡಲಿಲ್ಲ, ಆದರೆ ಎಲ್ಲರೂ ನಿಂತು ನೋಡಿದರು.

ಮೂರನೆಯ ಕಂಬದ ವಿಷಯ ಗೊತ್ತಾದದ್ದು ಆ ಎರಡನೆಯ ದಿನ. ಬೇರೆ ಕಂಬಗಳ ಹಿಂದೆ ಚುರುಮುರಿ ಸ್ವಲ್ಪ ತಿರುಗಿ ಮುಂದಕ್ಕೆ ಹೋಗುತ್ತಿತ್ತು. ಮೂರನೆಯದರ ಹಿಂದೆ ಮಾತ್ರ ದಡದ ಕಡೆಗೆ ಸರಿದು, ದಡ ಹಿಡಿದು ಮೇಲಕ್ಕೆ ಬಂದು, ಮತ್ತೆ ಕಂಬದ ಮಗ್ಗುಲಿಗೇ ಸೇರಿ, ನಿಧಾನಕ್ಕೆ ಸುತ್ತುತ್ತಲೇ ಇತ್ತು. ನೀನು ಕ್ಯಾಮೆರಾ ಬಿಟ್ಟು ಕಟಾಂಜನದ ಮೇಲೆ ಬಾಗಿ, "ನೋಡ್ರಿ, ನೋಡ್ರಿ, ತಿರಗಿ ಬಂತು" ಎಂದು ನನ್ನ ತೋಳು ಹಿಡಿದೆ. ನಾನು ನೀರು ನೋಡಲಿಲ್ಲ. ಇದನ್ನು ಇಷ್ಟು ವರ್ಷದಲ್ಲಿ ನಿನಗೆ ಹೇಳಿಲ್ಲ ಅನಿಸುತ್ತದೆ, ಅದಕ್ಕೇ ಬರೆದೆ.

ಆಮೇಲಿನ ಕಥೆ ಅಷ್ಟು ಸಿಹಿಯಲ್ಲ. ಮೊದಲು ನೀನೂ ಎಲ್ಲರಂತೆ ಅಗ್ಗದ ದಾರಿಯ ಲೆಕ್ಕ ಮಾಡಿದೆ. ಹೊಳೆಯನ್ನು ಚೌಕ ಚೌಕವಾಗಿ ಹೆಚ್ಚಿ, ಸುಳಿಗಳನ್ನು ಒಂದೊಂದಾಗಿ ನೋಡುವ ಗೋಜಿಗೆ ಹೋಗದೆ, ಎಲ್ಲವನ್ನೂ ಮೊದಲೇ ಸರಾಸರಿ ಮಾಡಿಬಿಡುವ ದಾರಿ. ಆ ಲೆಕ್ಕದಲ್ಲಿ ಮೂರನೆಯ ಕಂಬದ ಹಿಂದಿನ ನೀರು ಬೇರೆ ಕಂಬಗಳಂತೆಯೇ ಸುಮ್ಮನೆ ಮುಂದಕ್ಕೆ ಹೋಯಿತು. ಲೆಕ್ಕದ ಚಿತ್ರ, ಚುರುಮುರಿಯ ಚಿತ್ರ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೀನು ಯಾವುದೋ ಊರಿನ ಸೆಮಿನಾರಿಗೆ ಹೋದೆ. ಅಲ್ಲಿ ಒಬ್ಬ ದೊಡ್ಡ ಮನುಷ್ಯ ಎದ್ದುನಿಂತು, ಲೆಕ್ಕದ್ದು ತಪ್ಪಲ್ಲ, ಚುರುಮುರಿಯದ್ದೇ ತಪ್ಪು, ಅದು ಹಗುರ, ಗಾಳಿಗೆ ಸರಿದಿರಬೇಕು ಎಂದನಂತೆ. ಸಭೆಯೆಲ್ಲ ನಕ್ಕಿತಂತೆ. ಊಟದ ಹೊತ್ತಿಗೆ ನಿನಗೆ ಚುರುಮುರಿ ಮೇಡಂ ಎಂಬ ಹೆಸರು ಬಿದ್ದಿತ್ತು. ಆ ಸಂಜೆ ನೀನು ಮನೆಗೆ ಹೋಗದೆ ನೇರ ಖಾನಾಪುರಕ್ಕೆ ಬಂದು ಭಟ್ಟಿಯ ಬಾಕಿನ ಮೇಲೆ ಕುಳಿತು ಅತ್ತೆ. ಚುರುಮುರಿ ಬಿಟ್ಟ ದಿನ ಸೇತುವೆಯ ಮೇಲೆ ಗಾಳಿ ಇರಲಿಲ್ಲ, ಎಲೆ ಕೂಡ ಅಲುಗಿರಲಿಲ್ಲ ಎಂದು ನನಗೂ ನೆನಪಿತ್ತು. ಆದರೆ ಚುರುಮುರಿ ಮಾರುವವನ ಸಾಕ್ಷಿಯನ್ನು ಯಾವ ಸೆಮಿನಾರು ಕೇಳುತ್ತದೆ? ನನಗೆ ಬಂದ ಸಿಟ್ಟಿಗೆ ಆ ಮನುಷ್ಯನನ್ನು ಹಿಡಿದು ಮೂರನೆಯ ಕಂಬಕ್ಕೆ ಕಟ್ಟಬೇಕು ಅನ್ನಿಸಿತ್ತು. ಅದರ ಬದಲು ನಿನಗೆ ಚಹಾ ತರಿಸಿದೆ. ಮುಂದಿನ ವರ್ಷ ನಮ್ಮ ನಿಕಾಹ್ ಆಯಿತು, ನಿನ್ನ ಕಾಲೇಜಿಗೆ ಹತ್ತಿರವಾಗಲೆಂದು ಹಿಂದವಾಡಿಗೆ ಬಂದೆವು, ನಾನು ದಿನವೂ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ ಬರುವವನಾದೆ. ಅಬ್ಬಾ ತೀರಿಹೋದ ಮೇಲೆ ಅಮ್ಮಿಯೂ ನಮ್ಮ ಜೊತೆಗೇ ಬಂದಳು.

ಆ ಸೆಮಿನಾರಿನ ದಿನದಿಂದ ನೀನು ಹಿಡಿದದ್ದು ಕಷ್ಟದ ದಾರಿ. ದೊಡ್ಡ ಸುಳಿಗಳನ್ನು ಬಿಡದೆ ಬೆನ್ನುಹತ್ತಬೇಕು, ಚೌಕಕ್ಕಿಂತ ಸಣ್ಣ ಸುಳಿಗಳನ್ನು ಮಾತ್ರ ಅಂದಾಜಿಗೆ ಬಿಡಬೇಕು, ಕಣ್ಣು ಮಿಟುಕಿಸುವುದಕ್ಕಿಂತ ಸಣ್ಣ ಸಣ್ಣ ಹೆಜ್ಜೆಯಲ್ಲಿ ಹೊಳೆಯನ್ನು ನಡೆಸಬೇಕು. ಮೊದಲ ಸಲ ಅವಸರ ಮಾಡಿ ಹೆಜ್ಜೆ ದೊಡ್ಡದು ಮಾಡಿದ್ದೆಯಲ್ಲ, ನೆನಪಿದೆಯೇ? ನಾನು ಭಟ್ಟಿಯಿಂದ ಬಂದು ನೋಡಿದರೆ ಪರದೆಯ ತುಂಬ ಒಂದೇ ಮಾತು, ಇದು ಸಂಖ್ಯೆಯಲ್ಲ, ಇದು ಸಂಖ್ಯೆಯಲ್ಲ ಎಂದು. ನೀನು ತಲೆಯ ಮೇಲೆ ಕೈಹೊತ್ತು, "ನೀರು ಒಂದ ಹೆಜ್ಜಿಗೆ ಒಂದ ಚೌಕ ಪೂರಾ ಜಿಗದು ಹೋತು. ಹಂಗ ಜಿಗೀತಂದ್ರ ಲೆಕ್ಕ ಸಿಡೀತೈತಿ" ಎಂದೆ. ನನಗೆ ಥಟ್ಟನೆ ತಿಳಿಯಿತು. ಬಿಸಿ ಮರಳಿನಲ್ಲಿ ಅಕ್ಕಿಗೆ ಒಂದು ಸಲ ಕೈಯಾಡಿಸುವುದು ತಪ್ಪಿದರೆ ಒಮ್ಮೆಗೆ ಹಾಕಿದ ಇಡೀ ಘಾಣ ಕರಕಾಗುತ್ತದೆ, ಆಮೇಲೆ ಎಷ್ಟು ಆಡಿಸಿದರೂ ಬಿಳಿಯಾಗುವುದಿಲ್ಲ. ನಮ್ಮ ಮೊದಲ ದೊಡ್ಡ ಜಗಳದ ಮರುದಿನವೂ ನೀನು ಈ ಲೆಕ್ಕದಿಂದಲೇ ಬುದ್ಧಿ ಹೇಳಿದ್ದೆ. ಸಿಟ್ಟಿನಲ್ಲಿ ನಾನು, "ನೀ ಇರೂದ ಹಿಂಗ" ಎಂದಿದ್ದೆ. ನೀನು ರೊಟ್ಟಿ ಬಡಿಯುತ್ತಲೇ, "ಒಂದ ಕ್ಷಣದ ಚಿತ್ರಾ ನೋಡಿ ಹೊಳಿ ಹಿಂಗ ಐತಿ ಅನಬ್ಯಾಡ್ರಿ. ಸಾವಿರ ಚಿತ್ರಾ ಕೂಡಿಸಿ ಸರಾಸರಿ ತಗೀರಿ, ಆಮ್ಯಾಲೆ ಅನ್ರಿ" ಎಂದೆ. ನಮ್ಮ ಸರಾಸರಿ ಚೆನ್ನಾಗಿಯೇ ಇದೆ ಶಗುಫ್ತಾ. ಹಿಂದಿನ ಕೋಣೆಯ ಮಶೀನು ಇಷ್ಟು ತಿಂಗಳಿಂದ ಮಾಡುತ್ತಿರುವುದೂ ಅದೇ ಕೆಲಸ, ಚಿತ್ರದ ಮೇಲೆ ಚಿತ್ರ ಕೂಡಿಸುವುದು.

ಇನ್ನು ಕಳೆದ ಸೋಮವಾರದ ಗುಡುಗಿನ ಸಂಗತಿ. ಫೋನಿನಲ್ಲಿ ನಿನಗೆ ಅರ್ಧ ಮಾತ್ರ ಹೇಳಿದ್ದೇನೆ. ಅಮ್ಮಿಯ ಪದ್ಧತಿ ನಿನಗೆ ಗೊತ್ತು. ನಾನು ಚಿಕ್ಕವನಿದ್ದಾಗ ಖಾನಾಪುರದ ಮನೆಯಲ್ಲಿ, ಇಡೀ ಓಣಿಗೆ ಮೊದಲನೆಯದಾಗಿದ್ದ ನಮ್ಮ ಟೀವಿ ಸಿಡಿಲಿಗೆ ಸುಟ್ಟು ಹೋಗಿತ್ತು. ಅಂದಿನಿಂದ ದೂರದಲ್ಲಿ ಮೋಡ ಗುರ್ ಎಂದರೆ ಸಾಕು, ಅವಳು ಕನ್ನಡಿಗೆ ಬಟ್ಟೆ ಮುಚ್ಚಿ, ತಾಮ್ರದ ಹಂಡೆ ಒಳಗಿಟ್ಟು, ಮನೆಯ ಎಲ್ಲ ಪ್ಲಗ್ಗುಗಳನ್ನೂ ಕಿತ್ತುಬಿಡುತ್ತಾಳೆ. ನೀನು ಹೋಗುವಾಗ ಅವಳಿಗೆ ಕೈಮುಗಿದು ಹೇಳಿದ್ದೆ, ಈ ಒಂದು ಪ್ಲಗ್ಗು ಬಿಡ್ರಿ, ಮಶೀನು ಹಳೆಯದು, ಈಗ ನಿಂತರೆ ಹಿಂದೆ ಉಳಿಸಿಟ್ಟ ಲೆಕ್ಕದಿಂದ ಮತ್ತೆ ಹೊರಡಿಸಬಹುದು, ಆದರೆ ಕಡೆಯ ತಾರೀಖಿಗೆ ಮುಟ್ಟುವುದಿಲ್ಲ ಎಂದು. ಅವಳು ತಲೆಯಾಡಿಸಿದ್ದಳು. ಸೋಮವಾರ ಮಧ್ಯಾಹ್ನ ಅನಗೋಳದ ಕಡೆಯಿಂದ ಮೋಡ ಕವಿದು ಬಂದಾಗ ತಲೆಯಾಡಿಸಿದ್ದೆಲ್ಲ ಮರೆತಳು. ಫ್ರಿಜ್ಜು, ಮಿಕ್ಸರು, ಟೀವಿ ಮೂರನ್ನೂ ಕಿತ್ತು, ಅಡುಗೆಮನೆಯಿಂದಲೇ, "ಅಮ್ಜದಾ, ಆಕೀ ಮಶೀನಿಂದೂ ತಗೀ! ಮನಿ ಸುಡೂದಕ್ಕಿಂತ ಲೆಕ್ಕ ಹಾಳಾದ್ರ ಹಾಳಾಗ್ಲಿ!" ಎಂದು ಕೂಗಿದಳು.

ನಾನು ಹಿಂದಿನ ಕೋಣೆಗೆ ಹೋಗಿ ಪ್ಲಗ್ಗಿನ ಮೇಲೆ ಕೈಯಿಟ್ಟೆ. ಸಿಡಿಲಿನ ಹೆದರಿಕೆಯಿಂದ ಇಡಲಿಲ್ಲ ಶಗುಫ್ತಾ, ಅದನ್ನೇ ನಿನಗೆ ಹೇಳಬೇಕಾಗಿರುವುದು. ಇದನ್ನು ಕಿತ್ತರೆ ನೀನು ಜೂನ್‌ನಲ್ಲಿ ಮನೆಗೆ ಬರುತ್ತೀ ಎಂಬ ವಿಚಾರ ಬಂತು. ಯಾರೂ ನನ್ನನ್ನು ದೂರುವ ಹಾಗಿಲ್ಲ. ಅಮ್ಮಿ ತಾನೇ ಹೇಳಿದ್ದು ಎಂದು ಒಪ್ಪಿಕೊಳ್ಳುತ್ತಾಳೆ, ನೀನು ಅವಳ ಮೇಲೆ ಎರಡು ದಿನ ಮುನಿಸಿಕೊಂಡು ಆಮೇಲೆ ನಗುತ್ತೀ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಅಷ್ಟರಲ್ಲಿ ಕಣ್ಣು ಕುಕ್ಕುವ ಬೆಳಕು, ಅದರ ಜೊತೆಗೇ ಶಬ್ದ. ಹೊರಗಿನ ಕರೆಂಟಿನ ಕಂಬದ ಡಬ್ಬಿ ಸಿಡಿಯಿತು, ನನ್ನ ಕೈ ತಾನಾಗಿಯೇ ಹಾರಿತು, ಓಣಿಯ ಕರೆಂಟೆಲ್ಲ ಹೋಯಿತು. ನಾನು ಕೀಳುತ್ತಿದ್ದೆನೋ ಇಲ್ಲವೋ, ಖರೇ ಹೇಳುತ್ತೇನೆ, ನನಗೆ ಇವತ್ತಿಗೂ ಗೊತ್ತಿಲ್ಲ.

ಮಶೀನು ಮಾತ್ರ ಇನ್ವರ್ಟರಿನ ಮೇಲೆ ಓಡುತ್ತಲೇ ಇತ್ತು. ಕತ್ತಲೆ ಕೋಣೆಯಲ್ಲಿ ಅದರ ಹಸಿರು ದೀಪ ಒಂದೇ. ಸಂಜೆಯಾದರೂ ಕರೆಂಟು ಬರಲಿಲ್ಲ, ಇನ್ವರ್ಟರು ಪೀಂ ಪೀಂ ಎನ್ನತೊಡಗಿತು. ಸುಮ್ಮನೆ ಕುಳಿತಿದ್ದರೆ ಅದೇ ನಿಲ್ಲುತ್ತಿತ್ತು, ನಾನು ಏನನ್ನೂ ಕೀಳಬೇಕಾಗಿರಲಿಲ್ಲ. ಕೂರಲಾಗಲಿಲ್ಲ. ಮಳೆಯಲ್ಲೇ ಹೊರಗೆ ಹೋಗಿ ಇಲ್ಲಿಯ ಅಂಗಡಿಗಳಿಗೆ ಚುರುಮುರಿ ಹಾಕಲು ಇಟ್ಟ ಗಾಡಿಯ ಬ್ಯಾಟರಿ ಬಿಚ್ಚಿದೆ. ಅಮ್ಮಿ ಬಯ್ಯುತ್ತ ಬಯ್ಯುತ್ತಲೇ ಬಂದು ನನ್ನ ತಲೆಯ ಮೇಲೆ ಛತ್ರಿ ಹಿಡಿದಳು. "ನಾ ತಗೀ ಅಂದ್ರ ನೀ ಹಚ್ಚಾಕ ನಿಂತಿ, ಅವ್ವನ ಮಾತಿಗೆ ಕಿಮ್ಮತ್ತ ಇಲ್ಲ" ಎಂದಳು, ಛತ್ರಿ ಮಾತ್ರ ಸರಿಸಲಿಲ್ಲ. ಬ್ಯಾಟರಿ ಹಚ್ಚಿ, ಒದ್ದೆ ಬಟ್ಟೆಯಲ್ಲೇ ಮಶೀನಿನ ಮುಂದೆ ಕುಳಿತೆ. ಕುಳಿತ ಮೇಲೆ ನನ್ನ ಮೇಲೆಯೇ ಸಿಟ್ಟು ಬಂತು. ನನ್ನ ಹೆಂಡತಿಯನ್ನು ದೂರ ಕಳಿಸುವ ಮಶೀನಿಗೆ ನಾನೇ ಬ್ಯಾಟರಿ ಹೊತ್ತು ತಂದೆನಲ್ಲ ಎಂದು. ಮರುದಿನ ಬೆಳಿಗ್ಗೆ ಅಂಗಡಿಗೆ ಹಾಕುವ ಚುರುಮುರಿ ಗಾಡಿ ಬಾಗಿಲಲ್ಲೇ ನಿಂತಿತ್ತು, ಐದು ಅಂಗಡಿಯವರು ಫೋನಿನಲ್ಲಿ ಬೈಗುಳದ ಮಂತ್ರ ಓದಿದರು.

ಸಿಡಿಲಿಗೆ ಸುಟ್ಟದ್ದು ನಮ್ಮ ಇಂಟರ್ನೆಟ್ಟಿನ ಡಬ್ಬಿ, ಮತ್ತು ಮಶೀನಿಗೆ ಅದರ ತಂತಿ ಸಿಕ್ಕಿಸುವ ಜಾಗ. ಅದನ್ನು ಬದಲಿಸಬೇಕಾದರೆ ಮಶೀನು ನಿಲ್ಲಿಸಬೇಕು. ಅದಕ್ಕೇ ಅಲ್ಲಿಂದ ನಿನಗೆ ಅದನ್ನು ನೋಡಲಾಗದೆ, ದಿನವೂ ಸಂಜೆ ಪರದೆಯ ಕೊನೆಯ ಸಾಲನ್ನು ನಾನು ಓದಿ ಹೇಳುವ ಕೆಲಸ ಶುರುವಾದದ್ದು. ನಾನು ಅಂಕಿ ಓದುವುದು, ನೀನು "ಮುಂದ, ಮುಂದ" ಎನ್ನುವುದು, ಕೊನೆಗೆ ಉಸಿರುಬಿಟ್ಟು "ಛಲೋ ಐತಿ" ಎನ್ನುವುದು. ಹೊಸದಾಗಿ ಮದುವೆಯಾದಾಗಲೂ ನಾವು ಇಷ್ಟು ತಪ್ಪದೆ ಮಾತಾಡಿರಲಿಲ್ಲ. ಬುಧವಾರ ಮುಗಿಯಬಹುದು ಎಂದಿದ್ದೀ. ಮುಗಿಯಲಿ, ಲೆಕ್ಕ ನಿನ್ನದು, ಅದಕ್ಕೆ ನಾನು ಅಡ್ಡ ಬರುವುದಿಲ್ಲ.

ಆದರೆ ಉತ್ತರ ಕೇಳಿದ್ದೀಯಲ್ಲ, ಬರೆದುಬಿಡುತ್ತೇನೆ. ಬೇಡ ಶಗುಫ್ತಾ. ಲೆಕ್ಕ ಮುಗಿದರೂ ರೂರ್ಕಿ ಬೇಡ. ಪುಸ್ತಕ ಇಲ್ಲಿಯೇ ಕುಳಿತು ಬರೆ, ಪದವಿ ಇಲ್ಲಿಯೇ ತೆಗೆದುಕೋ, ನಿನ್ನ ಕಾಲೇಜು ಎಲ್ಲಿಗೂ ಹೋಗುವುದಿಲ್ಲ. ಎರಡು ವರ್ಷವೆಂದರೆ ನಿನಗೆ ಒಂದು ಕೆಲಸದ ಅವಧಿ; ನನಗೆ ದಿನವೂ ಖಾನಾಪುರದ ಬಸ್ಸು ಇಳಿದು ಬಂದು ಅಮ್ಮಿ ಇದ್ದಾಳೆಂದು ಬೀಗ ಹಾಕದ, ಆದರೆ ನೀನಿಲ್ಲದ ಮನೆ. ಅಮ್ಮಿ ಮೊಮ್ಮಗುವಿನ ಮಾತು ತೆಗೆದಾಗಲೆಲ್ಲ ನಾನೇ ಬೇರೆ ಮಾತಿಗೆ ತಿರುಗಿಸುತ್ತೇನೆ, ನಿನಗೂ ಅದು ಗೊತ್ತು. ನಾನು ದೊಡ್ಡ ಮನಸ್ಸಿನವನಲ್ಲ. ಇದ್ದದ್ದನ್ನು ಇದ್ದಹಾಗೆ ಬರೆದಿದ್ದೇನೆ. ಬಂದುಬಿಡು.

ಮೂಗಿಗೆ ತುಪ್ಪ ಹಚ್ಚಿಕೊಂಡು ಮಲಗು. ಬಿಸಿಲಿನಲ್ಲಿ ತಲೆಗೆ ದುಪಟ್ಟಾ ಇಲ್ಲದೆ ಹೊರಬೀಳಬೇಡ. ನಿನ್ನ ಕೋಣೆಯ ಗೆಳತಿಗೆ ನನ್ನ ನಮಸ್ಕಾರ ಹೇಳು. ಅಮ್ಮಿಯ ಸಾವಿರ ದುವಾ ನಿನ್ನ ತಲೆಯ ಮೇಲಿವೆ, ನನ್ನದೂ ಅವುಗಳ ಸಾಲಿನಲ್ಲಿದೆ. ಅಲ್ಲಾಹ್ ನಿನ್ನನ್ನು ಕಾಯಲಿ.

ನಿನ್ನ ದಾರಿ ಕಾಯುವ,
ಅಮ್ಜದ

ತಾ.ಕ.: ಪೂನಮ ಬಾಗಿಲಲ್ಲಿ ಆಟೋ ನಿಲ್ಲಿಸಿಕೊಂಡಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ಸಹಿ ಹಾಕಿ ಏಳುವಷ್ಟರಲ್ಲಿ ಮಶೀನಿನ ಫ್ಯಾನು ನಿಂತಿತು. ಅಮ್ಮಿ ಪ್ಲಗ್ಗು ಕಿತ್ತಳೇನೋ ಎಂದು ಓಡಿದೆ. ಕಿತ್ತಿರಲಿಲ್ಲ. ಲೆಕ್ಕ ಮುಗಿದಿತ್ತು, ನೀನು ಹೇಳಿದ ದಿನಕ್ಕಿಂತ ಮೊದಲೇ. ಮುಗಿದ ಮೇಲೆ ಸರಾಸರಿಯ ಚಿತ್ರ ತಾನೇ ಬರುತ್ತದೆ ಎಂದಿದ್ದೆಯಲ್ಲ, ಬಂದಿತ್ತು. ಮೂರನೆಯ ಕಂಬದ ಹಿಂದೆ ಬಾಣದ ಗುರುತುಗಳೆಲ್ಲ ದಡಕ್ಕೆ ಸರಿದು, ಮೇಲಕ್ಕೆ ಬಂದು, ಕಂಬದ ಮಗ್ಗುಲಿಗೇ ತಿರುಗಿವೆ. ನಿನ್ನ ಲೆಕ್ಕದೊಳಗೆ ಗಾಳಿಯೇ ಇಲ್ಲ ಶಗುಫ್ತಾ, ಬರೇ ನೀರು. ಚುರುಮುರಿ ಸುಳ್ಳು ಹೇಳಿರಲಿಲ್ಲ. ಪೂನಮಳನ್ನು ಬೇಗ ಕರೆಸಿ ಎಲ್ಲ ಡಿಸ್ಕಿಗೆ ಇಳಿಸಿಕೊಂಡೆವು, ಅದು ಅವಳ ಕೈಯಲ್ಲಿದೆ, ಚಿತ್ರ ನೋಡಿ ಹುಡುಗಿ ಅತ್ತಳು. ಫೋನಿನಲ್ಲಿ ಹೇಳಬಾರದು, ಮೇಡಂ ಕಣ್ಣಾರೆ ನೋಡಲಿ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ, ಅದಕ್ಕೆ ಎರಡು ಸಂಜೆ ನಾನು ಅಂಕಿ ಓದದೆ ನೀನು ಗಾಬರಿಯಾಗಿದ್ದರೆ ಮಾಫ್ ಮಾಡು. ಮೇಲಿನ ಹಾಳೆ ಹರಿದು ಬೇರೆ ಬರೆಯಲು ಹೊತ್ತಿಲ್ಲ. ಬೇಡ ಎಂದು ಬರೆದದ್ದನ್ನು ನೀನೇ ಗೀಟು ಹಾಕಿ ಹೊಡೆದುಬಿಡು. ಇದನ್ನು ನೋಡಿದ ಮೇಲೆ ಮನೆಗೆ ಬಾ ಎನ್ನಲು ನನಗೆ ಬಾಯಿಲ್ಲ. ಅವರಿಗೆ ಹೂಂ ಅನ್ನು. ಅಮ್ಮಿಗೆ ಹೇಳಿದೆ. "ಎರಡ ವರ್ಷ ಅಂದ್ರ ಎಷ್ಟ ರಂಜಾನ?" ಎಂದು ಕೇಳಿದಳು. ಎರಡು ಎಂದೆ. "ಎರಡಕ್ಕೂ ಮನಿಗೆ ಬಾ ಅಂತ ಬರೀ" ಎಂದಳು. ಬರೆದಿದ್ದೇನೆ.